ನೆಂಟರನ್ನು ಹೊರಗೆ ಉಣಿಸುವ ಕೈಪಿಡಿ: ಬಂಗಾರಪೇಟೆ ಮತ್ತು ಕೆಜಿಎಫ್ ಬಳಕೆದಾರರಿಗೆ, ಮೂರನೇ ಮುದ್ರಣ

ಮುದ್ರಣದ ಮಾತು

ಈ ಕೈಪಿಡಿಯ ಮೊದಲ ಮುದ್ರಣ 2020ರ ಜೂನ್ 8ರದು. ಕೊರೊನಾ ಲಾಕ್‌ಡೌನಿನಿಂದಾಗಿ ಅಲ್ಲಿಯವರೆಗೆ ಪಾರ್ಸೆಲ್ ಮಾತ್ರ ಕಟ್ಟುತ್ತಿದ್ದ ಹೋಟೆಲುಗಳಲ್ಲಿ ಅಂದಿನಿಂದ ಕೂತು ತಿನ್ನಬಹುದೆಂದು ಅಪ್ಪಣೆಯಾಯಿತು. ಮರುವರ್ಷ ಎರಡನೇ ಅಲೆ ಬಂದು ಪ್ರತಿಗಳೆಲ್ಲ ರದ್ದಿಗೆ ಹೋದವು. 2021ರ ಜೂನ್ 21ಕ್ಕೆ ಎರಡನೇ ಮುದ್ರಣ ತಂದೆವು: ಕುರ್ಚಿ ಅರ್ಧ, ಎ.ಸಿ. ಬಂದ್, ಮದ್ಯ ಇಲ್ಲ, ಸಂಜೆ 5ಕ್ಕೆ ಬಾಗಿಲು. ಅದೂ ಹಳತಾಯಿತು. ಮೂರನೇ ಅಲೆ ಬಂದು ಹೋಗಿ, 2022ರ ಜನವರಿ 31ಕ್ಕೆ ಅರ್ಧ ಕುರ್ಚಿಯ ನಿಯಮವನ್ನೂ ತೆಗೆದರು. ಇನ್ನು ಸಾಕು ಅನ್ನುವಷ್ಟರಲ್ಲಿ ಏಪ್ರಿಲ್ 14ಕ್ಕೆ ‘ಕೆಜಿಎಫ್: ಚಾಪ್ಟರ್ 2’ ಬಿಡುಗಡೆಯಾಯಿತು. ರೋಗದ ನೆಪ ಹೇಳಿ ಎರಡು ವರ್ಷ ಮುಖ ತೋರಿಸದ ನೆಂಟರು ಸಿನಿಮಾದ ನೆಪ ಹೇಳಿ ಹೊರಟು ನಿಂತರು. ಮೂರನೇ ಮುದ್ರಣ ತರದೆ ವಿಧಿಯಿರಲಿಲ್ಲ.

ಬಳಸುವ ಮುನ್ನ ಓದಿ

ಬೆಂಗಳೂರಿನಿಂದ 70 ಕಿ.ಮೀ. ರೈಲಿನಲ್ಲೋ ಕಾರಿನಲ್ಲೋ ಬರುವ ನೆಂಟರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಕೋಲಾರ, ಮಾಲೂರು, ಮುಳಬಾಗಿಲಿನ ನೆಂಟರ ಮೇಲೆ ಪ್ರಯೋಗಿಸಬೇಡಿ. ಅವರಿಗೆ ನಮ್ಮ ಊರಿನ ಹೋಟೆಲುಗಳೆಲ್ಲ ನಮಗಿಂತ ಚೆನ್ನಾಗಿ ಗೊತ್ತು, ಮುದ್ದೆ ಉಪ್ಸಾರು ಮನೆಯಲ್ಲೇ ಹಾಕಿದರೆ ಸಂತೋಷವಾಗಿ ಉಂಡು ಹೋಗುತ್ತಾರೆ. ಲಗ್ನಪತ್ರಿಕೆ ಕೊಡಲು ಬಂದವರಿಗೂ ಬೇಡ. ಅವರು ಇನ್ನೂ ಹತ್ತು ಮನೆ ಮುಗಿಸಬೇಕು.

ಹಂತ 1: ನೆಂಟರು ಯಾವ ಊರಿಗೆ ಬರುತ್ತಿದ್ದಾರೆ ಎಂದು ಖಚಿತಪಡಿಸಿಕೊಳ್ಳಿ

ರೈಲು ಇಳಿಯುವುದು ಬಂಗಾರಪೇಟೆ ಜಂಕ್ಷನ್ನಿನಲ್ಲಾದರೂ ಅವರ ತಲೆಯಲ್ಲಿರುವುದು ಸಿನಿಮಾದಲ್ಲಿ ಬರುವ ಚಿನ್ನದ ಗಣಿ ನರಾಚಿ. ಇಲ್ಲಿಂದ ಕೆಜಿಎಫ್‌ನ ಮಾರಿಕುಪ್ಪಂಗೆ 1894ರಲ್ಲೇ ರೈಲು ಮಾರ್ಗವಾಯಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಸ್ಟೇಷನ್ನುಗಳ ಹೆಸರು ಹೇಳುತ್ತಾ ಹೋದರೆ ನಿಮ್ಮ ಷಡ್ಡಕ “ಭಾವ, ಅಲ್ಲೇ ಏನಾದ್ರೂ ಒಳ್ಳೇ ರೆಸ್ಟೋರೆಂಟ್ ಇರುತ್ತಲ್ವಾ?” ಎಂದು ಕೇಳುವುದು ಖಂಡಿತ. ಗಣಿಯೊಳಗೆ ಇಳಿದು ಚಿನ್ನದ ಗೋಡೆ ನೋಡಿ ಮೇಲೆ ಬಂದು ಬಫೆ ಊಟ ಮಾಡುವ ಕಲ್ಪನೆ ಅವರದು. ಮೆಲ್ಲಗೆ ತಿಳಿಸಿ: 3 ಕಿ.ಮೀ.ಗಿಂತ ಆಳಕ್ಕೆ ಹೋಗಿದ್ದ ಆ ಗಣಿಯನ್ನು 2001ರ ಫೆಬ್ರವರಿ 28ರಂದೇ ಮುಚ್ಚಿದರು, ಒಳಗೆ ಈಗ ನೀರು ತುಂಬಿದೆ.

ನೋಡಲು ಸಿಗುವುದು ಸೈನೈಡ್ ದಿಬ್ಬಗಳು. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಆದ ಗುಡ್ಡಗಳು. ಸಿನಿಮಾ ತೆಗೆದದ್ದೂ ಅಲ್ಲಿಯೇ. ಊಟಕ್ಕೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುವುದನ್ನು ಈ ಕೈಪಿಡಿ ಬಲವಾಗಿ ಶಿಫಾರಸು ಮಾಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ಧೂಳು ಕುಡಿದು ಫೋಟೋ ತೆಗೆಸಿಕೊಂಡ ಮೇಲೆ ಯಾವ ನೆಂಟನೂ ಹೋಟೆಲಿನ ರೇಟಿಂಗ್ ಕೇಳುವುದಿಲ್ಲ. ಇನ್ನೊಂದು ಲಾಭ: ‘ಸೈನೈಡ್’ ಎಂಬ ಹೆಸರು ಕೇಳಿದವರು ಯಾರೂ ಹೇಳದೆ ತಾವಾಗಿಯೇ ಎರಡು ಸಲ ಕೈ ತೊಳೆಯುತ್ತಾರೆ. ಎರಡು ವರ್ಷದ ಕೊರೊನಾ ಕಾಲರ್ ಟ್ಯೂನಿಗೆ ಆಗದ ಕೆಲಸ ಅದು.

ಹಂತ 2: ಹಳೆಯ ಪಟ್ಟಿಯನ್ನು ತಲೆಕೆಳಗು ಮಾಡಿ

ನಮ್ಮ ಕಡೆ ನೆಂಟರ ಮರ್ಯಾದೆಗೆ ಒಂದು ಶ್ರೇಣಿ ಇತ್ತು. ಎಲ್ಲಕ್ಕಿಂತ ಮೇಲೆ ಎ.ಸಿ. ಫ್ಯಾಮಿಲಿ ರೂಮು. ಅದರ ಕೆಳಗೆ ಫ್ಯಾನಿನ ಹಾಲು, ಆಮೇಲೆ ನಿಂತು ತಿನ್ನುವ ದರ್ಶಿನಿ. ಕಟ್ಟಕಡೆಗೆ ರಸ್ತೆ ಬದಿಯ ತಳ್ಳುಗಾಡಿ, ಅದೂ ಹೆಂಡತಿಯ ತವರಿನವರು ಜೊತೆಗಿಲ್ಲದಾಗ ಮಾತ್ರ. ಫ್ಯಾಮಿಲಿ ರೂಮು ಎಂದರೆ ಕಿಟಕಿಯಿಲ್ಲದ, ಕೆಂಪು ಪರದೆ ಎಳೆದ, ಎ.ಸಿ.ಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಜಾಗ. ಅದೇ ಸಾಂಬಾರಿಗೆ ಅಲ್ಲಿ ಹೆಚ್ಚು ದುಡ್ಡು. 1902ರಲ್ಲಿ ಶಿವನಸಮುದ್ರದಿಂದ ಲೈನು ಎಳೆದು ಗಣಿಗೆಂದು ಕೆಜಿಎಫ್‌ಗೆ ವಿದ್ಯುತ್ ತಂದರಲ್ಲ, ಕರೆಂಟಿನ ಐಷಾರಾಮ ನಮ್ಮ ಹಳೆಯ ಹಕ್ಕು ಅನ್ನುವ ಧೋರಣೆ ಈ ಸೀಮೆಗಿದೆ.

ಕೊರೊನಾ ಬಂದು ಈ ಶ್ರೇಣಿಯನ್ನು ಬುಡಮೇಲು ಮಾಡಿತು. ಮೊದಮೊದಲು ಟೇಬಲ್ಲು, ಬಾಗಿಲ ಹಿಡಿ, ಹಾಲಿನ ಪ್ಯಾಕೆಟ್ಟು ಎಲ್ಲವನ್ನೂ ಉಜ್ಜಿ ಉಜ್ಜಿ ತೊಳೆದೆವು. ಆಮೇಲೆ ತಜ್ಞರು ಹೇಳಿದ್ದೇ ಬೇರೆ: ಸೋಂಕು ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಗಾಳಿಯಿಂದ, ಜನ ಒತ್ತಾಗಿ ಕೂತು ಬಾಯಿ ತೆರೆದು ಮಾತಾಡುವ ಜಾಗದಲ್ಲಿ. ಇದನ್ನು ಓದಿ ಫ್ಯಾಮಿಲಿ ರೂಮನ್ನು ನೆನೆಸಿಕೊಳ್ಳಿ. ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಸತ್ಕಾರ ಇನ್ನೆಲ್ಲಿ ಸಿಗಬೇಕು? ಮಾವನವರಿಗೆ ಮರ್ಯಾದೆ ಮಾಡಿದೆವೆಂದು ನಾವು ಹಿಗ್ಗುತ್ತಿದ್ದದ್ದು ಅಲ್ಲಿ ಕೂರಿಸಿಯೇ. ನಾಲ್ಕು ಕಡೆಯಿಂದಲೂ ಗಾಳಿ ಆಡುವ ತಳ್ಳುಗಾಡಿ ಮಾತ್ರ ಏನೂ ಮಾಡದೆ ಪಟ್ಟಿಯ ಮೇಲಕ್ಕೇರಿತು.

ಇದನ್ನು ನೆಂಟರಿಗೆ ಒಪ್ಪಿಸುವುದು ಕಷ್ಟ. “ರಸ್ತೇಲಿ ನಿಲ್ಲಿಸಿ ತಿನ್ನಿಸಿ ಕಳಿಸಿದರು” ಎಂಬ ಮಾತು ನಾದಿನಿಯ ಬಾಯಿಂದ ಅತ್ತೆಯವರಿಗೆ ಮುಟ್ಟಲು ಒಂದು ಫೋನು ಸಾಕು. ‘ಓಪನ್ ಏರ್’ ಎಂದು ಹೇಳಿ ನೋಡಿ. ಬೆಂಗಳೂರಿನವರಿಗೆ ಆ ಮಾತಿನ ಮೇಲೆ ಗೌರವವಿದೆ.

ಹಂತ 3: ಬಾಗಿಲಿನಲ್ಲಿ ತಪಾಸಣೆ

ಈ ಹಂತ ಈಗ ಬಹುಪಾಲು ಐತಿಹಾಸಿಕ. ಆದರೂ ಕೆಲವು ಬಾಗಿಲುಗಳಲ್ಲಿ ಕುರುಹು ಉಳಿದಿದೆ: ಕಾಲಿನಿಂದ ಒತ್ತುವ ಸ್ಟ್ಯಾಂಡು, ಅದರ ಮೇಲೆ ಬಣ್ಣದ ನೀರು ತುಂಬಿದ ಸ್ಯಾನಿಟೈಸರ್ ಬಾಟಲಿ. ಮೊದಲ ಮುದ್ರಣದ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಲ್ ಗನ್ನು ಎಲ್ಲರಿಗೂ 92, 93 ಡಿಗ್ರಿ ಎಂದೇ ತೋರಿಸುತ್ತಿತ್ತು. ಆ ಲೆಕ್ಕ ನಿಜವಾಗಿದ್ದರೆ ತಾಲ್ಲೂಕಿಗೆ ತಾಲ್ಲೂಕೇ ಶವಾಗಾರದಲ್ಲಿ ಇರಬೇಕಿತ್ತು. ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವ ರಿಜಿಸ್ಟರ್ ಪುಸ್ತಕವೂ ಇತ್ತು. ಅದರಲ್ಲಿ ಯಾರೂ ತಮ್ಮ ನಂಬರನ್ನು ಸರಿಯಾಗಿ ಬರೆದಂತೆ ಕಾಣೆ. ಮುಂದಕ್ಕೆ ಹೋಗಿ.

ಹಂತ 4: ಪಾನಿಪುರಿ (ಇದನ್ನು ಬಿಟ್ಟು ಬೇರೆ ಯಾವ ಹಂತವನ್ನಾದರೂ ಬಿಡಬಹುದು)

ನೆಂಟರು ಎಲ್ಲಿ ಊಟ ಮಾಡಿದರೂ ಸಂಜೆ ಇಲ್ಲಿಗೆ ಬಂದೇ ಬರುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ನೋಡಿ ನೋಡಿ, ಮೂಲಸ್ಥಾನದ ದರ್ಶನ ಮಾಡದೆ ಹೋದರೆ ಪ್ರಯಾಣ ದಂಡ ಎಂದು ಅವರಿಗೆ ಅನಿಸಿರುತ್ತದೆ. ಬೇರೆ ಕಡೆ ಪಾನಿ ಎಂದರೆ ಪುದೀನ, ಕೊತ್ತಂಬರಿಯ ಹಸಿರು ರಸ, ಇಲ್ಲವೇ ಹುಣಸೆಯ ಕಂದು ರಸ. ನಮ್ಮದು ಬಣ್ಣವೇ ಇಲ್ಲದ ತಿಳಿನೀರು. ನಲ್ಲಿಯಿಂದ ಈಗಷ್ಟೇ ಹಿಡಿದಿಟ್ಟ ಹಾಗೆ ಸಾಧುವಾಗಿ ಕಾಣುತ್ತದೆ. ಷಡ್ಡಕ ಮೊದಲ ಪುರಿ ಬಾಯಿಗಿಟ್ಟು “ಇದೇನು ಬರೀ ನೀರು...” ಎಂದು ಶುರುಮಾಡಿದ ಮಾತು ಮುಗಿಯುವುದಿಲ್ಲ.

ಎಚ್ಚರಿಕೆ: ಈ ಪಾನಿ ಒಳಗೆ ಇಳಿದ ಮೇಲೆ ಕಣ್ಣಲ್ಲಿ ನೀರು, ಮೂಗಿನಲ್ಲಿ ಸೋರಿಕೆ, ಗಂಟಲಲ್ಲಿ ಉರಿ, ಬಿಟ್ಟು ಬಿಟ್ಟು ಕೆಮ್ಮು ಕಾಣಿಸಿಕೊಳ್ಳುತ್ತವೆ. ಆರೋಗ್ಯ ಇಲಾಖೆ ಎರಡು ವರ್ಷ ಗೋಡೆಗೆ ಅಂಟಿಸಿದ್ದ ಲಕ್ಷಣಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ಲೇಟಿನಲ್ಲಿ. 2021ರ ಜುಲೈಯಲ್ಲಿ ಗಾಡಿಯ ಸುತ್ತ ನಿಂತವರೆಲ್ಲ ಕೆಮ್ಮುತ್ತಿದ್ದರೆ ದಾರಿಹೋಕರು ಆ ಕಡೆಯ ಫುಟ್‌ಪಾತಿಗೆ ಸರಿಯುತ್ತಿದ್ದರು. ಗಾಡಿಯ ಬಳಿ ಇದ್ದವರು ಮಾತ್ರ ಹೆದರುತ್ತಿರಲಿಲ್ಲ. ಅವರ ಅನುಮಾನವೇ ಬೇರೆ: ಈ ನೀರನ್ನು ಕುಡಿದೂ ಒಂದಿಷ್ಟೂ ಕೆಮ್ಮದೆ, ಕಣ್ಣು ಮಿಟುಕಿಸದೆ ನಿಂತವನನ್ನು ಕಂಡರೆ ದೂರ ಸರಿಯುತ್ತಿದ್ದರು. ನಾಲಗೆಯ ರುಚಿ ಹೋಗುವುದೂ ಸೋಂಕಿನ ಲಕ್ಷಣವೆಂದು ಎಲ್ಲರಿಗೂ ಗೊತ್ತಾಗಿತ್ತು. ಸ್ವಾಬ್ ತೆಗೆದು ಎರಡು ದಿನ ಕಾಯಿಸುವ ಬದಲು ಒಂದೊಂದು ಪುರಿ ಕೊಟ್ಟು ನೋಡಿದ್ದರೆ ಜಿಲ್ಲಾಡಳಿತಕ್ಕೆ ಎಷ್ಟೋ ಉಳಿತಾಯವಾಗುತ್ತಿತ್ತು ಎಂಬುದು ಈ ಕೈಪಿಡಿಯ ಅಭಿಪ್ರಾಯ, ಇಲಾಖೆಯದಲ್ಲ.

ನೆಂಟರು ಕೇಳುವ ಪ್ರಶ್ನೆ ಎರಡು. ಒಂದು, ನೀರು ಯಾವುದು? ಇದು ಕೊರೊನಾ ತಂದ ಪ್ರಶ್ನೆಯಲ್ಲ, ಟೈಫಾಯ್ಡ್, ಕಾಮಾಲೆಯ ಕಾಲದಿಂದಲೂ ಇರುವುದು. ಕೇಳುವುದರಲ್ಲಿ ತಪ್ಪೇನಿಲ್ಲ. ನದಿ ಒಣಗಿದ ಜಿಲ್ಲೆಯಲ್ಲಿ ನೀರಿನ ಮೂಲ ಕೇಳುವುದು ಹಕ್ಕು ಕೂಡ. ಗಾಡಿಯವನು ಪಕ್ಕದಲ್ಲಿರುವ 20 ಲೀಟರಿನ ಕ್ಯಾನು ತೋರಿಸಿದರೆ ತಿನ್ನಿ, ಆಕಾಶ ತೋರಿಸಿದರೆ ಮುಂದಿನ ಗಾಡಿಗೆ ಹೋಗಿ.

ಎರಡನೆಯದು ಕೈ. ಗಾಡಿಯವನು ಬೆರಳಿನಿಂದ ಪುರಿ ಒಡೆದು, ಮಸಾಲೆ ತುಂಬಿ, ಪಾತ್ರೆಯೊಳಗೆ ಮುಳುಗಿಸಿ ಎತ್ತುವ ಆ ಕೈಯೇ ರುಚಿಯ ಗುಟ್ಟು ಎಂದು ಹಳಬರ ನಂಬಿಕೆ. ಊರು ತೆರೆದ ಮೇಲೆ ಆ ಕೈಗೆ ಪ್ಲಾಸ್ಟಿಕ್ ಗವಸು ಬಂತು. ನೆಂಟರಿಗೆ ಗವಸು ಕಂಡ ಕೂಡಲೇ ಸಮಾಧಾನ. ಅವರು ಗಮನಿಸದ ಸಂಗತಿ ನೀವು ಗಮನಿಸಿ: ಅದೇ ಗವಸು ನೋಟು ತೆಗೆದುಕೊಳ್ಳುತ್ತದೆ, ಚಿಲ್ಲರೆ ಎಣಿಸುತ್ತದೆ, ಜಾರಿದ ಮಾಸ್ಕನ್ನು ಮೂಗಿಗೇರಿಸುತ್ತದೆ, ಮತ್ತೆ ಪಾತ್ರೆಗೆ ಇಳಿಯುತ್ತದೆ. ಬರಿಗೈಯನ್ನಾದರೂ ಆಗಾಗ ತೊಳೆಯುತ್ತಿದ್ದರು; ಗವಸು ತೊಳೆಯುವವರನ್ನು ನಾನಂತೂ ಕಂಡಿಲ್ಲ. ಪುರಿ ಬೇರೆ, ಪಾನಿ ಬೇರೆ ಬಟ್ಟಲಿನಲ್ಲಿ ಕೊಟ್ಟು ನೀವೇ ಸುರಿದುಕೊಳ್ಳಿ ಅನ್ನುವ ಕಡೆ ಹೋದರೆ ಈ ಜಗಳವೇ ಇಲ್ಲ. ಸುರಿದುಕೊಳ್ಳುವ ಹದ ತಿಳಿಯದೆ ಅಂಗಿ ನೆನೆಸಿಕೊಂಡರೆ ಅದು ನೆಂಟರ ಪಾಡು.

ಹಂತ 5: ಕೆಜಿಎಫ್ ಕಡೆ ಊಟ

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಲ್ಲಿ ಬಿರಿಯಾನಿ, ಪರೋಟ ಕೇಳಿ, ಕೊಡುತ್ತಾರೆ. ಗಣಿ ಕೆಲಸಕ್ಕೆ ಬಂದ ತಮಿಳು ಕುಟುಂಬಗಳ ಊರು ಅದು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತದೆ, ತೆಲುಗಿನಲ್ಲಿ ಬಿಲ್ಲು ಕೂಡಿಸುತ್ತಾರೆ, ತಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಬೆಂಗಳೂರಿನ ನೆಂಟರಲ್ಲಿ ಓದಿಕೊಂಡವರೊಬ್ಬರು ಇದ್ದೇ ಇರುತ್ತಾರೆ. ಅವರು ಕೆಜಿಎಫ್ ಎಂದರೆ ‘ಪುಟ್ಟ ಇಂಗ್ಲೆಂಡ್’ ಎಂದು ಕೇಳಿ ಬಂದು ಆಂಗ್ಲೋ ಇಂಡಿಯನ್ ಊಟ, ತೆಂಗಿನಹಾಲಿನ ಹಳದಿ ಅನ್ನ, ಕೈಮದ ಉಂಡೆಯ ಸಾರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಕೆಜಿಎಫ್‌ನಲ್ಲೇ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಆ ಅಡುಗೆಯ ಮೇಲೆ ಪುಸ್ತಕಗಳನ್ನೇ ಬರೆದಿದ್ದಾರೆ, ಕೊಂಡು ಓದಲು ಹೇಳಿ. ಆ ಊಟ ಇರುವುದು ಹೆಚ್ಚಾಗಿ ಮನೆಗಳಲ್ಲಿ. ಅವರ ಮನೆಗೆ ನಾವು ನೆಂಟರಲ್ಲ.

ಹಂತ 6: ಬಿಲ್ಲಿನ ಜಗಳ

ಗಲ್ಲಾದ ಎದುರು ಜೇಬು ಹಿಡಿದೆಳೆದಾಡುವ ಆಟ ಈಗ ಹಳೆಯದು. ಮುಟ್ಟಬಾರದೆಂದು ಹೇಳಿದ ಕಾಲದಲ್ಲಿ ತಳ್ಳುಗಾಡಿಗೂ ಸ್ಕ್ಯಾನ್ ಮಾಡುವ ಚೀಟಿ ಬಂತು, ನೆಟ್‌ವರ್ಕ್ ಸಿಕ್ಕಿದವನೇ ಗೆದ್ದ. ಗೆಲ್ಲುವ ಮುಂಚೆ ಒಮ್ಮೆ ಯೋಚಿಸಿ. ಗಾಡಿಯ ಮೇಲಿನ ಪುಟ್ಟ ಪೆಟ್ಟಿಗೆ ದುಡ್ಡು ಬಂದದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಆರು ಜನ ನೆಂಟರ ಆತಿಥ್ಯ ಎಷ್ಟು ಅಗ್ಗದಲ್ಲಿ ಮುಗಿಯಿತೆಂದು ನಾದಿನಿಗೆ ತಿಳಿಯುವುದು ಹಾಗೆ. ಸದ್ದಿಲ್ಲದೆ ನೋಟು ಕೊಡುವುದೇ ಕ್ಷೇಮ.

ದೋಷ ಪರಿಹಾರ: ಹುಡುಕಿಕೊಂಡು ಹೋದ ಹೋಟೆಲು ಇಲ್ಲದಿದ್ದರೆ

“ಸ್ಟೇಷನ್ ಎದುರು ಒಂದು ಇಡ್ಲಿ ಹೋಟೆಲ್ ಇತ್ತಲ್ಲ, ಎಲ್ಲಿ ಹೋಯ್ತು?” ಎಂದು ದೊಡ್ಡಮ್ಮ ಕೇಳಿದರೆ ಉತ್ತರ ಸಿದ್ಧವಿಟ್ಟುಕೊಳ್ಳಿ. ಈ ಎರಡೂ ಊರಿನಿಂದ ದಿನಾ ಬೆಳಗ್ಗೆ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ಸು ಬರುತ್ತಾರೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರಿಯುವುದೇ ಆ ರೈಲಿನಿಂದ. ಸ್ಟೇಷನ್ ಸುತ್ತಲಿನ ಟಿಫನ್ ಹೋಟೆಲು, ಟೀ ಅಂಗಡಿಗಳ ವ್ಯಾಪಾರವೂ ಅದೇ ರೈಲಿನ ಜನರನ್ನು ನಂಬಿಕೊಂಡದ್ದು. 2020ರ ಮಾರ್ಚ್ 23ರಿಂದ ದೇಶದ ಪ್ರಯಾಣಿಕರ ರೈಲೆಲ್ಲ ನಿಂತಾಗ ಬೆಳಗಿನ ಇಡ್ಲಿ ಪಾತ್ರೆಯೂ ಇಳಿಯಿತು. ಮತ್ತೆ ಶುರುವಾದಾಗ ಮೊದಲು ಓಡಿದ್ದು ರಿಸರ್ವೇಷನ್ ಇದ್ದವರ ರೈಲುಗಳು. ಪಾಸಿನವರ ಪ್ಯಾಸೆಂಜರ್ ಗಾಡಿಗಳು ಬಂದದ್ದು ಬಹಳ ತಡವಾಗಿ, ಒಂದೊಂದಾಗಿ. ಅಷ್ಟು ದಿನ ಬಾಡಿಗೆ ಕಟ್ಟಿಕೊಂಡು ಕಾಯಲು ಎಲ್ಲರಿಗೂ ಆಗಲಿಲ್ಲ. ಹಾಗಾಗಿ ದೊಡ್ಡಮ್ಮನ ಇಡ್ಲಿಯ ಜಾಗದಲ್ಲಿ ಮೊಬೈಲ್ ಕವರ್ ನೇತು ಹಾಕಿದ್ದರೆ ಆಶ್ಚರ್ಯವಿಲ್ಲ.

ಆದ್ದರಿಂದ ಆಯ್ಕೆಯ ಕೊನೆಯ ಸೂತ್ರ ಸರಳ. ಫ್ಯಾಮಿಲಿ ರೂಮು ಬೇಡ. ಮೂರು ಸಲ ಬಾಗಿಲು ಹಾಕಿ ಮೂರು ಸಲ ತೆಗೆದ ಸಣ್ಣ ಹೋಟೆಲು ಯಾವುದಿದೆ ಎಂದು ಬೀದಿಯಲ್ಲಿ ವಿಚಾರಿಸಿ, ಮಧ್ಯಾಹ್ನ ಅಲ್ಲಿ ಉಣಿಸಿ, ಸಂಜೆ ಗಾಡಿಯ ಹತ್ತಿರ ನಿಲ್ಲಿಸಿ. ಒಂದು ಪ್ಲೇಟ್ ಹೆಚ್ಚು ತಿನ್ನಿ, ಚೌಕಾಸಿ ಮಾಡಬೇಡಿ. ನೆಂಟರು ಎಷ್ಟು ಕೇಳಿಕೊಂಡರೂ ಪಾನಿಪುರಿ ಪಾರ್ಸೆಲ್ ಮಾತ್ರ ಕಟ್ಟಿಸಬೇಡಿ: ರೈಲು ಮಾಲೂರು ದಾಟುವ ಮೊದಲೇ ಪುರಿ ಮೆತ್ತಗಾಗುತ್ತದೆ.