ಕಾರು ಇನ್ಶೂರೆನ್ಸ್: ಬಳಕೆದಾರರ ಕೈಪಿಡಿ

ತಾವು ಹಣ ಕಟ್ಟಿರುವ ಈ ಉತ್ಪನ್ನಕ್ಕೆ ಚಕ್ರವಿಲ್ಲ, ಸ್ವಿಚ್ ಇಲ್ಲ, ಶೋರೂಮಿನಲ್ಲಿ ಇದರ ಪಕ್ಕ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಆಯುಧಪೂಜೆಯ ದಿನ ಕಾರಿಗೆ ಕುಂಬಳಕಾಯಿ ಒಡೆಯುತ್ತಾರೆ, ಟೈರಿನಡಿ ನಿಂಬೆಹಣ್ಣು ಇಡುತ್ತಾರೆ. ಪಾಲಿಸಿಗೆ ಒಂದು ಎಸಳು ಹೂವೂ ಇಲ್ಲ. ಅದು ಗ್ಲೋವ್ ಬಾಕ್ಸಿನಲ್ಲಿ ಹಳೆಯ ಟೋಲ್ ರಸೀದಿಗಳ ನಡುವೆ ಮಲಗಿರುತ್ತದೆ. ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಗುದ್ದಿದ ದಿನವೇ ಗೊತ್ತಾಗುವುದು. ಪರೀಕ್ಷಿಸಿ ನೋಡುವ ಉದ್ದೇಶದಿಂದ ಗುದ್ದತಕ್ಕದ್ದಲ್ಲ.

1. ಪೆಟ್ಟಿಗೆಯಲ್ಲಿ ಏನೇನಿದೆ

ಅ) ಥರ್ಡ್ ಪಾರ್ಟಿ. ಇದು ತಮಗಲ್ಲ, ತಮ್ಮ ಕಾರು ಯಾರಿಗೆ ಗುದ್ದುತ್ತದೋ ಅವರಿಗೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದಿಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಇಳಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000 ದಂಡ, ಜೈಲಿಗೂ ಅವಕಾಶವಿದೆ. ಎದುರಿನವರಿಗೆ ಸಾವು ನೋವಾದರೆ ಇದರ ಪರಿಹಾರಕ್ಕೆ ಮಿತಿಯಿಲ್ಲ, ಅವರ ಆಸ್ತಿಗೆ ಹಾನಿಯಾದರೆ ಏಳೂವರೆ ಲಕ್ಷದವರೆಗೆ. ತಮ್ಮ ಕಾರಿಗೆ ಸೊನ್ನೆ.

ಇದರ ಬೆಲೆಯನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿದ್ದರೆ 7,897. ಮೇಲೆ ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದರೂ ಇಷ್ಟೇ. ಆದ್ದರಿಂದ ಇಲ್ಲಿ ಚೌಕಾಸಿ ಮಾಡಿ ಗಂಟಲು ಒಣಗಿಸಿಕೊಳ್ಳಬೇಡಿ.

ಆ) ಓನ್ ಡ್ಯಾಮೇಜ್. ತಮ್ಮ ಸ್ವಂತ ಕಾರಿನ ಗುದ್ದು, ಕಳವು, ಬೆಂಕಿ, ನೆರೆ, ಮೈಮೇಲೆ ಬಿದ್ದ ಮರದ ಕೊಂಬೆ ಎಲ್ಲ ಇದರ ಲೆಕ್ಕ. ಕಂಪನಿ ಕಂಪನಿಗೂ ಬೆಲೆ ಬೇರೆಯಾಗುವುದು ಇಲ್ಲಿ. ಚೌಕಾಸಿಗೆ ಗಂಟಲು ಉಳಿಸಿಕೊಂಡಿದ್ದರೆ ಈಗ ಬಳಸಿ.

ಇ) ಮಾಲೀಕ ಚಾಲಕರ ಅಪಘಾತ ವಿಮೆ, 15 ಲಕ್ಷದ್ದು. ಮನೆಯಲ್ಲಿ ತಮ್ಮದೇ ಇನ್ನೊಂದು ವಾಹನದ ಪಾಲಿಸಿಯಲ್ಲಿ ಇದು ಈಗಾಗಲೇ ಇದ್ದರೆ ಎರಡನೆಯದಕ್ಕೆ ದುಡ್ಡು ಸುರಿಯಬೇಕಿಲ್ಲ. ಏಜೆಂಟರು ಇದನ್ನು ತಾವಾಗಿ ಹೇಳಿದರೆ ಅವರ ಮೊಬೈಲ್ ನಂಬರು ಜೋಪಾನವಾಗಿಟ್ಟುಕೊಳ್ಳಿ.

2. ಬೆಲೆ ಏರಿಳಿಯುವ ವಿಧಾನ

ಓನ್ ಡ್ಯಾಮೇಜ್ ಪ್ರೀಮಿಯಂ ಕಾರಿನ ವಯಸ್ಸು, ಇಂಜಿನ್ನಿನ ಗಾತ್ರ ಮತ್ತು ರಿಜಿಸ್ಟ್ರೇಷನ್ ಆದ ಊರನ್ನು ನೋಡುತ್ತದೆ. ಬೆಂಗಳೂರು ‘ಎ’ ವಲಯ. ಮೈಸೂರು, ಹುಬ್ಬಳ್ಳಿ, ಮಂಗಳೂರು ‘ಬಿ’ ವಲಯ. ಎ ವಲಯದ ದರ ಸ್ವಲ್ಪ ಜಾಸ್ತಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಸಂಜೆ ಕಳೆದವರು ಇದಕ್ಕೆ ಕಾರಣ ಕೇಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಅಂಕಿ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದಿರುವ ಕಾರಿನ ಮೌಲ್ಯ. ಕಾರು ಕಳವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ, ಕಂಪನಿ ಲೆಕ್ಕ ಮುಗಿಸುವುದು ಈ ಮೊತ್ತದ ಮೇಲೆ. ಆರು ತಿಂಗಳೊಳಗಿನ ಕಾರಿಗೆ ಬೆಲೆಯಲ್ಲಿ ಶೇ 5 ಕಳೆಯುತ್ತಾರೆ, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಆಮೇಲಿನದು ಇಬ್ಬರೂ ಮಾತಾಡಿ ಒಪ್ಪಿಕೊಂಡಷ್ಟು. ಹತ್ತು ಲಕ್ಷದ ಕಾರು ಎರಡು ವರ್ಷ ದಾಟಿದ್ದರೆ ಐಡಿವಿ ಏಳು ಲಕ್ಷದ ಆಸುಪಾಸಿರಬೇಕು. ಯಾರಾದರೂ ಐದೂವರೆ ಬರೆದು ಪ್ರೀಮಿಯಂ ಇಳಿಸಿಕೊಟ್ಟರೆ ಅವರು ಕೊಟ್ಟದ್ದು ರಿಯಾಯಿತಿಯಲ್ಲ; ಕಾರು ಕಳೆದುಹೋದ ದಿನ ತಮಗೆ ಬರಬೇಕಾದ ಒಂದೂವರೆ ಲಕ್ಷವನ್ನು ಇವತ್ತೇ ಬಿಟ್ಟುಕೊಟ್ಟಿದ್ದೀರಿ.

3. ಅಳವಡಿಸುವ ಕ್ರಮ (ರೂಢಿಯಲ್ಲಿರುವಂತೆ)

ಹಂತ 1: ಪಾಲಿಸಿ ಮುಗಿಯುವ ದಿನ ರಾತ್ರಿ ಊಟವಾಗುವವರೆಗೂ ಕಾಯಿರಿ.

ಹಂತ 2: ಮೊಬೈಲ್ ತೆರೆದು ಹತ್ತು ಕಂಪನಿಗಳ ದರವನ್ನು ಒಂದರ ಕೆಳಗೊಂದು ನೋಡಿ. ಬೇರೆ ಯಾವುದನ್ನೂ ನೋಡಬೇಡಿ.

ಹಂತ 3: ಎಲ್ಲಕ್ಕಿಂತ ಕಡಿಮೆಯದನ್ನು ಒತ್ತಿ. ಸಣ್ಣಕ್ಷರದ ಮುಂದಿರುವ ಚೌಕಕ್ಕೆ ಟಿಕ್ ಹಾಕಿ. ಓದಿದ್ದೀರಿ ಎಂದು ತಾವೇ ಘೋಷಿಸಿದ ಮೇಲೆ ಓದುವ ಅಗತ್ಯವೇನಿದೆ?

ಹಂತ 4: ಉಳಿಸಿದ ದುಡ್ಡಿನಲ್ಲಿ ಸೀಟ್ ಕವರ್ ಹಾಕಿಸಿ.

ಈ ನಾಲ್ಕು ಹಂತಗಳಲ್ಲಿ ಏನಾಯಿತೆಂದು ತಿಳಿಯುವ ಕುತೂಹಲವುಳ್ಳವರಿಗೆ: ಆ ಅಗ್ಗದ ದರದಲ್ಲಿ ಐಡಿವಿ ತಗ್ಗಿರಬಹುದು. ‘ಮೊದಲ ಇಷ್ಟು ಸಾವಿರ ನಾನೇ ಕೊಡುತ್ತೇನೆ’ ಎಂಬ ವಾಲಂಟರಿ ಡಿಡಕ್ಟಿಬಲ್‌ಗೆ ಒಪ್ಪಿಗೆ ಬಿದ್ದಿರಬಹುದು. ಬಿಡಿಭಾಗಗಳಿಗೆ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ ಸದ್ದಿಲ್ಲದೆ ಬಿಟ್ಟುಹೋಗಿರಬಹುದು.

ಕೊನೆಯದರ ಪರಿಣಾಮವನ್ನು ಗ್ಯಾರೇಜಿನಲ್ಲಿ ಕಣ್ಣಾರೆ ನೋಡಬಹುದು. ಸರ್ವೇಯರ್ ಬರುತ್ತಾರೆ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೊಬೈಲಿನಲ್ಲಿ ಫೋಟೊ ಹೊಡೆದು, ಹಿಂದಿನ ಬಾಗಿಲ ಗೀರಿನ ಮೇಲೆ ಬೆರಳಾಡಿಸಿ, “ಇದು ಹಳೇದಲ್ವಾ ಸಾರ್?” ಎನ್ನುತ್ತಾರೆ. ತಾವು “ಇಲ್ಲ ಸಾರ್, ಎಲ್ಲಾ ಒಂದೇ ಸಲ ಆಗಿದ್ದು” ಎನ್ನುತ್ತೀರಿ. ಅವರು ನಗುತ್ತಾರೆ. ಆಮೇಲೆ ಲೆಕ್ಕ: ಬಂಪರ್ 12,000 ರೂಪಾಯಿ. ಪ್ಲಾಸ್ಟಿಕ್ ಆದ್ದರಿಂದ ಅದರಲ್ಲಿ ಅರ್ಧ ಸವಕಳಿ, 6,000 ತಮ್ಮದು. 1500 ಸಿಸಿಯೊಳಗಿನ ಕಾರಾದರೆ ಕಡ್ಡಾಯ ಡಿಡಕ್ಟಿಬಲ್ 1,000, ಅದೂ ತಮ್ಮದು. ಕಂಪನಿ ಕೊಡುವುದು 5,000. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಎಲ್ಲಕ್ಕೂ ಇದೇ ಅರ್ಧದ ನ್ಯಾಯ. ಗಾಜಿಗೆ ಮಾತ್ರ ಸವಕಳಿಯಿಲ್ಲ. ಗ್ಯಾರೇಜಿನವರು ಬಂಪರ್ ಟು ಬಂಪರ್ ಎನ್ನುವ ಝೀರೋ ಡೆಪ್ ಇದ್ದಿದ್ದರೆ ಆ 6,000ವನ್ನೂ ಕಂಪನಿಯೇ ಕೊಡುತ್ತಿತ್ತು.

4. ಹೆಚ್ಚುವರಿ ಬಿಡಿಭಾಗಗಳು

ಆಡ್-ಆನ್‌ಗಳ ಪಟ್ಟಿ ಉದ್ದವಿದೆ. ಎಲ್ಲವೂ ಬೇಕೆನ್ನುವುದು ಏಜೆಂಟರ ಧರ್ಮ, ಯಾವುದೂ ಬೇಡವೆನ್ನುವುದು ಮನೆಯ ಯಜಮಾನರ ಧರ್ಮ. ಕಾರು ಐದು ವರ್ಷದೊಳಗಿನದಾದರೆ ಝೀರೋ ಡೆಪ್ ತೆಗೆದುಕೊಳ್ಳಿ. ಹೊಚ್ಚ ಹೊಸದಾದರೆ, ಕಳವಾದಾಗ ಐಡಿವಿಯ ಬದಲು ಬಿಲ್ಲಿನ ಬೆಲೆ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಯೋಚಿಸಿ. ಕಾರು ನಿಲ್ಲುವ ಬೇಸ್‌ಮೆಂಟಿಗೆ ಮಳೆಗಾಲದಲ್ಲಿ ನೀರು ನುಗ್ಗುವುದಾದರೆ, ದಿನದ ದಾರಿಯಲ್ಲಿ ಅಂಡರ್‌ಪಾಸ್ ಇದ್ದರೆ, ಇಂಜಿನ್ ಪ್ರೊಟೆಕ್ಟ್ ಬಿಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ನೆರೆನೀರಿನಲ್ಲಿ ಟ್ರ್ಯಾಕ್ಟರು ಓಡಾಡಿದ್ದನ್ನು ಕಂಡವರಿಗೆ ವಿವರಣೆ ಬೇಡ.

ಹನ್ನೆರಡು ವರ್ಷದ ಕಾರಿಗೆ ಇವೆಲ್ಲ ಮೂಗಿಗಿಂತ ಮೂಗುತಿ ಭಾರ. ಐಡಿವಿ ಒಂದೂವರೆ ಲಕ್ಷಕ್ಕೆ ಇಳಿದಿದ್ದು, ಅದು ಹೋದರೂ ತಡೆದುಕೊಳ್ಳುತ್ತೇನೆ ಎನ್ನುವವರಿಗೆ ಥರ್ಡ್ ಪಾರ್ಟಿ ಮತ್ತು ಅಪಘಾತ ವಿಮೆ ಸಾಕು.

5. ಕ್ಲೇಮ್ ಮಾಡುವ ಮುನ್ನ

ಕ್ಲೇಮ್ ಮಾಡದ ವರ್ಷಗಳಿಗೆ ಎನ್‌ಸಿಬಿ ಎಂಬ ಬಹುಮಾನವಿದೆ: ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಹಾವು ಏಣಿ ಆಟದಂತೆ ನೇರ ಸೊನ್ನೆಗೆ. ಪಕ್ಕದ ಮನೆಯ ಗೇಟಿಗೆ ತಾಗಿ ಬಾಗಿಲಿಗೆ ಡೆಂಟ್ ಬಿತ್ತು, ಟಿಂಕರಿಂಗು ಪೇಂಟಿಂಗು ಸೇರಿ 4,500 ಎಂದುಕೊಳ್ಳಿ. ಕಡ್ಡಾಯ ಡಿಡಕ್ಟಿಬಲ್ ಕಳೆದರೆ ಬರುವುದು ಹೆಚ್ಚೆಂದರೆ 3,500. ತಮ್ಮ ಮೂಲ ಪ್ರೀಮಿಯಂ 10,000 ಇದ್ದು, ಮುಂದಿನ ವರ್ಷ ಶೇ 45 ಸಿಗುವುದಿದ್ದರೆ, ಕಳೆದುಕೊಳ್ಳುವುದು 4,500. ಅದೂ ಮೊದಲ ವರ್ಷದ ಲೆಕ್ಕ ಮಾತ್ರ. “ದುಡ್ಡು ಕಟ್ಟಿದ್ದೇವಲ್ಲ, ಬಿಡೋದ್ಯಾಕೆ” ಎನ್ನುವವರು ಇಲ್ಲಿ ಸಾವಿರ ರೂಪಾಯಿ ಕೊಟ್ಟು ಸಮಾಧಾನ ಕೊಳ್ಳುತ್ತಾರೆ. ಎನ್‌ಸಿಬಿ ಕಾರಿನದಲ್ಲ, ಮಾಲೀಕರದು. ಕಾರು ಮಾರಿದರೆ ಅದನ್ನು ಬಿಟ್ಟುಕೊಡದೆ ಹೊಸ ಕಾರಿಗೆ ಒಯ್ಯಿರಿ.

6. ದೋಷ ಮತ್ತು ಪರಿಹಾರ

ದೋಷ: ಮೂರು ವರ್ಷದ ಪಾಲಿಸಿ ಇದೆ, ಎರಡನೆಯ ವರ್ಷ ಗುದ್ದಿದರೆ ಕಂಪನಿ ಕೈಯೆತ್ತಿತು.
ಕಾರಣ: 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ್ದು ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ಮಾತ್ರ. ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದು ವರ್ಷಕ್ಕೇ ಮುಗಿದಿರುತ್ತದೆ.
ಪರಿಹಾರ: ಪಾಲಿಸಿಯಲ್ಲಿ ಎರಡು ಕೊನೆಯ ದಿನಾಂಕಗಳಿವೆ. ಎರಡನ್ನೂ ಓದಿ.

ದೋಷ: ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದೆ, ಇಂಜಿನ್ ಹೋಯಿತು, ಕ್ಲೇಮೂ ಹೋಯಿತು.
ಕಾರಣ: ನೆರೆಯ ಹಾನಿ ಕಂಪನಿಯದು, ಕೀಲಿ ತಿರುಗಿಸಿದ್ದರ ಹಾನಿ ತಮ್ಮದು ಎಂಬ ವಾದ.
ಪರಿಹಾರ: ಕೀಲಿ ಮುಟ್ಟಬೇಡಿ, ತಳ್ಳಿಸಿ ಅಥವಾ ಟೋ ಮಾಡಿಸಿ.

ದೋಷ: ಸೆಕೆಂಡ್ ಹ್ಯಾಂಡ್ ಕಾರು; ಆರ್‌ಸಿ ನನ್ನ ಹೆಸರಲ್ಲಿ, ಪಾಲಿಸಿ ಮಾರಿದವರ ಹೆಸರಲ್ಲಿ.
ಪರಿಹಾರ: ಕೊಂಡ 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಿ.

ದೋಷ: ರಿನ್ಯೂವಲ್ ಮರೆತು 90 ದಿನ ದಾಟಿತು.
ಪರಿಹಾರ: ಇಲ್ಲ. ಎನ್‌ಸಿಬಿ ಹೋಯಿತು.

ದೋಷ: ಡಿಎಲ್ ಅವಧಿ ಮುಗಿದಿತ್ತು, ಚಾಲಕ ಕುಡಿದಿದ್ದ, ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಓಡುತ್ತಿತ್ತು.
ಪರಿಹಾರ: ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ವಕೀಲರನ್ನು ಕಾಣಿ.

ದೋಷ: ಎಲ್ಲ ಸರಿಯಿದ್ದೂ ಕಂಪನಿ ಸತಾಯಿಸುತ್ತಿದೆ.
ಪರಿಹಾರ: ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

7. ಕೊನೆಯ ಸೂಚನೆ

ಪ್ರೀಮಿಯಂ ಕಟ್ಟುವುದು ವರ್ಷಕ್ಕೊಂದು ದಿನ, ಕ್ಲೇಮ್ ಮಾಡುವುದು ಯಾವತ್ತೋ ಒಂದು ದಿನ. ನಾವು ಪಾಲಿಸಿ ಕೊಳ್ಳುವುದು ಮೊದಲನೆಯ ದಿನದ ಖುಷಿಗೆ. ಅದು ಬೇಕಾಗುವುದು ಎರಡನೆಯ ದಿನಕ್ಕೆ. ಆದ್ದರಿಂದ ಮುಂದಿನ ಸಲ ಹಂತ 1ರಿಂದ 4ರವರೆಗಿನದನ್ನು ಕೈಬಿಟ್ಟು, ಅವಧಿ ಮುಗಿಯಲು ಎರಡು ವಾರ ಇರುವಾಗಲೇ ಐಡಿವಿ ಎಷ್ಟು, ಡಿಡಕ್ಟಿಬಲ್ ಎಷ್ಟು, ಯಾವ ಆಡ್-ಆನ್ ಇದೆ ಎಂಬ ಮೂರನ್ನು ನೋಡಿ. ಈ ಮೂರೂ ಸಮನಾಗಿರುವ ಕಂಪನಿಗಳ ನಡುವೆ ಮಾತ್ರ ಬೆಲೆ ಹೋಲಿಸಿ. ಸೀಟ್ ಕವರ್ ದೀಪಾವಳಿಗೆ ಹಾಕಿಸಿದರಾಯಿತು.