ಕಲ್ಲು, ಮುದ್ದೆ ಮತ್ತು ಅಜ್ಜಿ: ಸಂಶೋಧನಾ ತಂತ್ರಾಂಶದ ಮರುಬಳಕೆಗೊಂದು ಸಾತನೂರು ಸಿದ್ಧಾಂತ

೧. ಪ್ರತಿಜ್ಞೆ

ಪುನರಾವರ್ತನೀಯತೆ ಎಂದರೆ ಒಬ್ಬರು ಪಡೆದ ಫಲಿತಾಂಶವು, ಅದೇ ದತ್ತಾಂಶವನ್ನೂ ಅದೇ ತಂತ್ರಾಂಶವನ್ನೂ ಕೈಗಿತ್ತಾಗ, ಇನ್ನೊಬ್ಬರಿಗೂ ಹಾಗೆಯೇ ದೊರೆಯುವುದು. ದೊರೆಯದಿದ್ದಾಗ ವಿದ್ವಾಂಸರು ಹೇಳುವ 'ಮೊನ್ನೆ ಸರಿಯಾಗೇ ಬಂದಿತ್ತಲ್ಲ' ಎಂಬ ವಾಕ್ಯಕ್ಕೆ ತರ್ಕಶಾಸ್ತ್ರದಲ್ಲಿ ಪ್ರಮಾಣದ ಸ್ಥಾನವಿಲ್ಲ. 2016ರಲ್ಲಿ 'ಸೈಂಟಿಫಿಕ್ ಡೇಟಾ' ಪತ್ರಿಕೆಯಲ್ಲಿ ಪ್ರಕಟವಾದ 'ಫೇರ್' ತತ್ತ್ವಗಳು ದತ್ತಾಂಶಕ್ಕೆ ನಾಲ್ಕು ಲಕ್ಷಣಗಳನ್ನು ವಿಧಿಸಿದವು: ಅದು ಹುಡುಕಿದರೆ ಸಿಗಬೇಕು, ಕೈಗೆಟುಕಬೇಕು, ಬೇರೆ ದತ್ತಾಂಶದೊಡನೆ ಹೊಂದಬೇಕು, ಮರುಬಳಕೆಗೆ ಒದಗಬೇಕು. ಕನಕಪುರ ತಾಲ್ಲೂಕಿನ ಸಾತನೂರು ಸೀಮೆಗೆ ಇವು ಹೊಸತಲ್ಲವೆಂದು ಸ್ಥಾಪಿಸುವುದೇ ಈ ಪ್ರಬಂಧದ ಪ್ರತಿಜ್ಞೆ.

೨. ದತ್ತಾಂಶ ಪ್ರಕರಣ

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟವು, ಆಗ ಕಾನಕಾನಹಳ್ಳಿ ಎನಿಸಿದ್ದ ಕನಕಪುರವೂ ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಕನ್ನಡ ಪಾಠ, ರೋಮನ್ ಲಿಪ್ಯಂತರ ಮತ್ತು ಅನುವಾದಗಳೊಡನೆ 1905ರಲ್ಲಿ ಹೊರಬಂದಿತು. ಸಂಖ್ಯೆಯಿದ್ದುದರಿಂದ ಶಾಸನ ಸಿಕ್ಕಿತು, ಲಿಪ್ಯಂತರವಿದ್ದುದರಿಂದ ಕನ್ನಡ ಲಿಪಿ ಅರಿಯದವರಿಗೂ ಎಟುಕಿತು. ಮೂಲಪ್ರತಿಯಾದರೋ ಕೆರೆಯೇರಿಯ ಮೇಲೋ ಗುಡಿಯ ಮುಂದೋ ನಿಂತಿರುತ್ತಿದ್ದು, 'ಲೇಖಕರನ್ನು ಕೋರಿದರೆ ದೊರೆಯುತ್ತದೆ' ಎಂಬ ಅಡಿಟಿಪ್ಪಣಿಯನ್ನು ಯಾವ ಕಲ್ಲಿನ ಮೇಲೂ ಕೆತ್ತುವ ಪದ್ಧತಿಯಿರಲಿಲ್ಲ. ಸಂರಕ್ಷಣೆಯ ಅವಧಿ 'ಆಚಂದ್ರಾರ್ಕ', ಅಂದರೆ ಸೂರ್ಯಚಂದ್ರರಿರುವವರೆಗೆ; ಈಗಿನ ಯೋಜನೆಗಳಲ್ಲಿ ಅದು ಅನುದಾನ ಮುಗಿಯುವವರೆಗೆ. ಬಳಕೆಯ ಷರತ್ತನ್ನು ತಿಳಿಸುವ ಪರವಾನಗಿಗೆ ಆ ಕಾಲದಲ್ಲಿ ಶಾಪಾಶಯವೆಂದು ಹೆಸರು: ದತ್ತಿಯನ್ನು ಕೆಡಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾನೆಂದು ಅದು ಸ್ಪಷ್ಟವಾಗಿ ಸಾರುವುದರಿಂದ, ವಕೀಲರ ಸಹಾಯವಿಲ್ಲದೆ ಅರ್ಥವಾಗುತ್ತಿತ್ತು. ಎಕ್ಸೆಲ್ ತಂತ್ರಾಂಶವು 'ಮಾರ್ಚ್ 1' ಎಂಬ ಜೀನನ್ನು ತಾರೀಖೆಂದು ತಿದ್ದುತ್ತಿದ್ದ ಕಾರಣ ಅಂಥ ಜೀನುಗಳಿಗೇ ಮರುನಾಮಕರಣ ಮಾಡಬೇಕಾಯಿತೆಂದು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲ್ಲಿಗಾದರೆ ತಾನಾಗಿ ತಿದ್ದುವ ಚಟವಿಲ್ಲ.

೩. ತಂತ್ರಾಂಶ ಪ್ರಕರಣ

ತಂತ್ರಾಂಶವೆಂದರೆ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ವಿಧಿ. ಇದಕ್ಕೆ ಸಾತನೂರಿನ ಆದಿರೂಪ ರಾಗಿಮುದ್ದೆ. ಎಸರಿಟ್ಟು, ಕುದಿ ಬಂದ ಮೇಲೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಬೆಂದ ಮೇಲೆ ತೊಳಸಿ, ಒದ್ದೆ ಬೆರಳಿಗೆ ಅಂಟದಿದ್ದರೆ ಇಳಿಸಿ ಕಟ್ಟಬೇಕು. ಇಲ್ಲಿ ಒದ್ದೆ ಬೆರಳು ಪರೀಕ್ಷಾವಿಧಿ, ಗಂಟು ದೋಷ, ತೊಳಸುವುದು ದೋಷನಿವಾರಣೆ. ಇಷ್ಟನ್ನೂ ಬರೆದುಕೊಂಡು ಬೆಂಗಳೂರಿಗೆ ಹೋದ ಮೊಮ್ಮಗನಿಗೆ ಮೊದಲ ದಿನ ಅಂಬಲಿಯೂ ಎರಡನೆಯ ದಿನ ಶಾಸನಯೋಗ್ಯ ಶಿಲೆಯೂ ಲಭಿಸುವುದಕ್ಕೆ ಕಾರಣ, ನೀರೆಷ್ಟು ಎಂಬಲ್ಲಿ ಅಜ್ಜಿ 'ಹದ ನೋಡ್ಕೊಂಡು ಹಾಕಪ್ಪ' ಎಂದಿರುವುದು. ರಾಗಿ ಯಾವ ವರ್ಷದ್ದು, ಹಿಟ್ಟು ಎಷ್ಟು ನುಣ್ಣಗೆ, ಪಾತ್ರೆ ಯಾವುದು, ಒಲೆಯೋ ಗ್ಯಾಸೋ ಎಂಬಿವೆಲ್ಲ ಆ ಹದದೊಳಗೆ ಅಡಗಿದ್ದು, ಚೀಟಿಯಲ್ಲಿ ಒಂದೂ ಇಲ್ಲ. ಹೀಗೆ ವಿಧಿಯಲ್ಲಿ ಬರೆಯದೆಯೂ ಫಲಿತಾಂಶವನ್ನು ನಿರ್ಣಯಿಸುವ ಅಂಶವನ್ನು ಈ ಪ್ರಬಂಧವು 'ಅಜ್ಜಿ' ಎಂದು ಕರೆಯುತ್ತದೆ. ಪ್ರತಿ ಸಂಶೋಧನಾ ತಂತ್ರಾಂಶದಲ್ಲೂ ಒಬ್ಬಳು ಅಜ್ಜಿಯಿರುತ್ತಾಳೆ. ಸಾಮಾನ್ಯವಾಗಿ ಅವಳು ಪಿಎಚ್‌.ಡಿ. ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿರುತ್ತಾಳೆ.

೪. ನಿರ್ಣಯ

ಆದುದರಿಂದ ಯಾವ ಆವೃತ್ತಿ, ಯಾವ ಯಂತ್ರ, ಯಾವ ಅಳತೆ, ಸರಿಯಾದ ಫಲಿತಾಂಶ ಹೇಗೆ ಕಾಣಬೇಕು ಎಂಬ ಅಜ್ಜಿಯ ಅಂಶಗಳನ್ನೆಲ್ಲ ಅವಳಿರುವಾಗಲೇ ಕೇಳಿ ಬರೆದು, ಸಂಖ್ಯೆ ಕೊಟ್ಟು, ಎಲ್ಲರ ಕಣ್ಣಿಗೆ ಬೀಳುವ ಕಡೆ ನೆಡತಕ್ಕದ್ದು. ಹದವನ್ನು ಬರೆಯದೆ ತಂತ್ರಾಂಶವನ್ನು ಹಂಚಿದವರು 60,000 ವರ್ಷ, ಟಿಪ್ಪಣಿಯಿಲ್ಲದೆ ತಾವೇ ಬರೆದ ಹಳೆಯ ಕೋಡನ್ನು ಓದುತ್ತ ಕೂತಿರಲಿ.