ಕಾಮೋಠೆಯ ಫೋಟೋಹೇತು ಮೀಮಾಂಸೆ

ಒಳ್ಳೆಯ ಕಾವ್ಯಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಕಾಶ್ಮೀರದ ಮಮ್ಮಟ 11ನೇ ಶತಮಾನದಲ್ಲೇ ಇತ್ಯರ್ಥ ಮಾಡಿಟ್ಟ. ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಿ ಒಂದೇ ಹೇತು. ಒಳ್ಳೆಯ ಫೋಟೋಕ್ಕೆ ಕಾರಣವೇನೆಂದು ಮಾತ್ರ ಆತ ಹೇಳಲಿಲ್ಲ. ಅಂದಿನಿಂದ ಬಾಕಿ ಉಳಿದ ಆ ಕೆಲಸವನ್ನು ಈಗ ನವಿ ಮುಂಬಯಿಯ ಕಾಮೋಠೆ ಕೈಗೆತ್ತಿಕೊಂಡಿದೆ. ಸರಕಾರಿ ನಗರನಿರ್ಮಾಣ ಸಂಸ್ಥೆ ಸಿಡ್ಕೋ ಸೆಕ್ಟರ್ ಲೆಕ್ಕದಲ್ಲಿ ಹಂಚಿ ಕಟ್ಟಿದ ಈ ಊರಿಗೆ ಓಡಾಡಲು ಸಾಯನ್-ಪನ್ವೇಲ್ ಹೆದ್ದಾರಿಯಿದೆ, ಹಾರ್ಬರ್ ಲೈನಿನ ಮಾನಸರೋವರ ಸ್ಟೇಷನ್ನಿದೆ. 2016ರಲ್ಲಿ ಪನ್ವೇಲ್ ಮಹಾನಗರಪಾಲಿಕೆ ಹುಟ್ಟಿದಾಗ ಕಾಮೋಠೆಯೂ ಅದರಲ್ಲಿ ವಿಲೀನವಾಯಿತು. ಫೋಟೋಶಾಸ್ತ್ರದಲ್ಲಿ ಮಾತ್ರ ಇಲ್ಲಿ ಇಂದಿಗೂ ಮೂರು ಸ್ವತಂತ್ರ ಸಂಸ್ಥಾನಗಳಿವೆ.

ಮೊದಲನೆಯವರು ಪ್ರತಿಭಾವಾದಿಗಳು. "ಕ್ಯಾಮೆರಾದಲ್ಲಿ ಏನುಂಟು ಮಾರಾಯ್ರೆ, ಕಣ್ಣು ಬೇಕು" ಎಂಬುದು ಇವರ ಮಹಾವಾಕ್ಯ. ಇವರ ಹತ್ತಿರ ಕ್ಯಾಮೆರಾ ಇರುವುದಿಲ್ಲ. ಎರಡನೆಯವರು ಹುಚ್ಚುವಾದಿಗಳು. ಭಾನುವಾರವೂ ಅಲಾರಂ ಇಟ್ಟು ಕತ್ತಲಲ್ಲೇ ಏಳುತ್ತಾರೆ, ಮನೆಮಂದಿಯನ್ನೂ ಏಳಿಸುತ್ತಾರೆ. ಮೂರನೆಯವರು ಧನವಾದಿಗಳು. ಇವರು ವಾದಕ್ಕೇ ಇಳಿಯುವುದಿಲ್ಲ, ಬ್ಯಾಗಿನ ಜಿಪ್ ಎಳೆದು ತೋರಿಸುತ್ತಾರೆ.

ಧನವಾದಿಗಳಿಗೆ ಶಾಸ್ತ್ರಾಧಾರ ಸಿಗುವುದು ಕಷ್ಟ. ಮಮ್ಮಟ ಹಣದ ಮಾತೆತ್ತಿದ್ದು ನಿಜ. ಆದರೆ ಎತ್ತಿದ್ದು ಕಾವ್ಯದ ಹೇತುಗಳನ್ನು ಹೇಳುವಾಗಲ್ಲ, ಪ್ರಯೋಜನಗಳನ್ನು ಹೇಳುವಾಗ, ಯಶಸ್ಸಿನ ಬೆನ್ನಿಗೇ. ಅಂದರೆ ಕವಿ ಮೊದಲು ಬರೆಯುತ್ತಾನೆ, ದುಡ್ಡು ಆಮೇಲೆ ಬರುತ್ತದೆ. (ಕನ್ನಡದ ಕವಿಗಳು ಇದನ್ನು ಒಪ್ಪುವುದು ಅನುಮಾನ.) ಫೋಟೋಗ್ರಾಫರ ಲೋಕದಲ್ಲಿ ಕ್ರಮ ತಿರುಗುಮುರುಗು. ದುಡ್ಡು ಮೊದಲು ಹೋಗುತ್ತದೆ, ಫೋಟೋ ಆಮೇಲೆ ಬರುತ್ತದೆ, ಯಶಸ್ಸು ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳಿನ ರೂಪದಲ್ಲಿ ಕಾಣಿಸಿಕೊಂಡು ಸಂಜೆಯೊಳಗೆ ಮೇಲಕ್ಕೆ ಸರಿದು ಮಾಯವಾಗುತ್ತದೆ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ ತೆಗೆದ ರೈನ್ ನದಿಯ ಚಿತ್ರ 2011ರಲ್ಲಿ 43 ಲಕ್ಷ ಡಾಲರಿಗೆ ಹರಾಜಾದದ್ದನ್ನು ಇವರು ಆಗಾಗ ಎತ್ತಿ ಹೇಳುವುದುಂಟು. ಒಂದಿಷ್ಟು ಹುಲ್ಲು, ನೀರು, ಮತ್ತೆ ಹುಲ್ಲು, ಮೋಡ, ಅಷ್ಟೇ ಆ ಚಿತ್ರ. ನದಿಯಾಚೆಗಿದ್ದ ಕಟ್ಟಡವನ್ನು ಆತ ಕಂಪ್ಯೂಟರಿನಲ್ಲಿ ಅಳಿಸಿಹಾಕಿದ್ದ. ಪನ್ವೇಲಿನ ಗಾಢಿ ನದಿಯ ದಡದಲ್ಲಿ ಅದೇ ಪ್ರಯೋಗಕ್ಕೆ ಹೊರಟರೆ ಅಳಿಸುವ ಕೆಲಸವೇ ಮುಗಿಯಲಿಕ್ಕಿಲ್ಲ.

ಇನ್ನು ಪ್ರಯೋಗಶಾಲೆ. ಕವಿಸಮಯದ ಪ್ರಕಾರ ರಾಜಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ. ಕಾಮೋಠೆಯ ಫೋಟೋಗ್ರಾಫರು ಮಾನಸರೋವರದಲ್ಲಿ ಲೋಕಲ್ ಹತ್ತಿ ರಾಜಹಂಸಗಳತ್ತ ಹೋಗುತ್ತಾರೆ. ಖಾರ್ಘರ್, ಬೇಲಾಪುರ ದಾಟಿದರೆ ಸೀವುಡ್ಸ್-ದಾರಾವೆ, ಆಮೇಲೆ ನೆರೂಳ್. ಚಳಿಗಾಲದಿಂದ ಮಳೆಗಾಲ ಹತ್ತಿರವಾಗುವವರೆಗೆ ಠಾಣೆ ಖಾರಿಯ ಕೆಸರಿನಲ್ಲಿ ಈ ರಾಜಹಂಸಗಳ, ಅಂದರೆ ಫ್ಲೆಮಿಂಗೋಗಳ ಬಿಡಾರ. ಉಬ್ಬರದ ನೀರು ಕೆಸರನ್ನು ಮುಚ್ಚಿತೆಂದರೆ ಅವು ಎದ್ದು ನೆರೂಳಿನ ಕೆರೆಗಳಿಗೆ ಬಂದಿಳಿಯುತ್ತವೆ. ಅದಕ್ಕೇ ಇಲ್ಲಿನ ಹುಚ್ಚುವಾದಿಗಳು ರಾಹುಕಾಲ ನೋಡದಿದ್ದರೂ ಉಬ್ಬರದ ವೇಳೆ ನೋಡದೆ ಹೊರಡುವುದಿಲ್ಲ. ಹಕ್ಕಿಯ ಗುಲಾಬಿ ಬಣ್ಣಕ್ಕೆ ಕಾರಣ ಅದು ತಿನ್ನುವ ಪಾಚಿ ಮತ್ತು ಸಣ್ಣ ಜಲಜೀವಿಗಳಲ್ಲಿರುವ ಕ್ಯಾರೊಟಿನಾಯ್ಡ್. ಊರಿನ ಕೊಳಚೆ ಬಂದು ಸೇರುವುದರಿಂದಲೇ ಖಾರಿಯಲ್ಲಿ ಆ ಪಾಚಿ ಹುಲುಸಾಗಿದೆ ಎಂದು ಪಕ್ಷಿತಜ್ಞರು ಹೇಳುತ್ತಾರೆ. 2022ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಖಾರಿಯ ಸೌಂದರ್ಯಕ್ಕೆ, ಮಮ್ಮಟನಿಗೆ ಹೊಳೆಯದ ಈ ನಾಲ್ಕನೆಯ ಹೇತುವಿನ ಮೂಲಕ, ಠಾಣೆ-ಐರೋಲಿಯ ಫ್ಲಾಟುಗಳು ದಿನಾ ಬೆಳಿಗ್ಗೆ ತಪ್ಪದೆ ಕಾಣಿಕೆ ಸಲ್ಲಿಸುತ್ತಿವೆ.

ಕೆರೆಯ ದಂಡೆಯಲ್ಲಿ ಮೂರು ಪಂಥಗಳನ್ನೂ ಒಂದೇ ಕಡೆ ನೋಡಬಹುದು. ಟ್ರೈಪಾಡಿನ ಮೇಲೆ 600 ಮಿ.ಮೀ. ಲೆನ್ಸು. ತೂಕ ಮೂರು ಕಿಲೋ ಆಸುಪಾಸು, ಬೆಲೆ ಹತ್ತು ಲಕ್ಷದ ಮೇಲೆ. ಹಕ್ಕಿಗಳ ಕಣ್ಣಿಗೆ ಬೀಳದಿರಲೆಂದು ಅದಕ್ಕೆ ಎಲೆಬಣ್ಣದ ಬಟ್ಟೆ ಸುತ್ತಿದೆ. ಅದರ ಹಿಂದೆ ನಿಂತವರ ಟೀ ಶರ್ಟು ಕಿತ್ತಳೆ ಬಣ್ಣದ್ದು. ಪಕ್ಕದಲ್ಲಿ ಮೊಬೈಲು ಹಿಡಿದ ಹುಡುಗಿಗೆ ಹಕ್ಕಿಗಳು ಅಕ್ಕಿಕಾಳಿನಷ್ಟು ಕಾಣುತ್ತವೆ. ಆಕೆ ಹಕ್ಕಿಯ ಆಸೆ ಬಿಟ್ಟು ಲೆನ್ಸು, ಟೀ ಶರ್ಟು, ಹಿಂದಿನ ಬಹುಮಹಡಿ ಕಟ್ಟಡಗಳು ಮೂರನ್ನೂ ಸೇರಿಸಿ ಒಂದು ಚಿತ್ರ ತೆಗೆಯುತ್ತಾಳೆ. ಆ ಬೆಳಗಿನ ಒಳ್ಳೆಯ ಚಿತ್ರ ಅದೇ ಎಂಬುದು ಪ್ರಬಂಧಕಾರನ ಅಭಿಪ್ರಾಯ. ಟೀ ಶರ್ಟಿನವರ ಅಭಿಪ್ರಾಯ ಬೇರೆ.

ಮೂರು ಪಂಥದವರೂ ನಮ್ಮವರೆಂದು ಎಳೆದಾಡುವ ಆಚಾರ್ಯರು ಒಬ್ಬರಿದ್ದಾರೆ, ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು, ಪಿಟೀಲನ್ನೂ ನುಡಿಸಬಲ್ಲವರಾಗಿ ಮುಂಬಯಿ ಸೇರಿದವರು. 1951ರ 'ಬಾಜಿ'ಯಲ್ಲಿ ಅವರಿನ್ನೂ ಸಹಾಯಕ. ಕನ್ನಡಿಯ ಪ್ರತಿಬಿಂಬ ಬಳಸುವ ಒಂದು ಕಷ್ಟದ ಶಾಟನ್ನು ಹೀಗೆ ತೆಗೆಯಬಹುದೆಂದು ಹೇಳಿ, ತೆಗೆದೂ ತೋರಿಸಿದರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ತಮ್ಮ ಮುಂದಿನ ಚಿತ್ರ 'ಜಾಲ್'ಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕೋಲು ಯಾವ ದೀಪದ್ದೂ ಅಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಲ್ಲಿ ಹಿಡಿದು, ಪುಟಿಸಿ, ಮೂರ್ತಿ ಒಳಗೆ ಇಳಿಬಿಟ್ಟಿದ್ದರು.

ಸೂರ್ಯನಿಗೆ ಬಾಡಿಗೆ ಕೊಡಬೇಕಿಲ್ಲ ಎಂದು ಪ್ರತಿಭಾವಾದಿಗಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಧನವಾದಿಗಳು ಚಪ್ಪಾಳೆ ನಿಲ್ಲುವವರೆಗೆ ಕಾದು ಕೇಳುತ್ತಾರೆ: ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಲ್ಲವೆ ಅದು, ಆ ಖರ್ಚು ಯಾರ ತಲೆಯ ಮೇಲೆ? ಗುರುದತ್ತರ ತಲೆಯ ಮೇಲೆ. ಚಿತ್ರ ಮಕಾಡೆ ಮಲಗಿತು. ನಿರ್ದೇಶಕರೆಂದು ಅವರು ಮತ್ತೆಂದೂ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಅದೇ ಚಿತ್ರಕ್ಕೆ ಫಿಲ್ಮ್‌ಫೇರ್ ಬಂತು, ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಅದೇ ಮೊದಲು. ಇದರಿಂದ ಹೊರಡುವ ಉಪಸಿದ್ಧಾಂತ ಇಷ್ಟು: ಒಳ್ಳೆಯ ಚಿತ್ರಕ್ಕೆ ದುಡ್ಡು ಬೇಕೇ ಬೇಕು, ಆದರೆ ಅದು ಬೇರೆಯವರದಾಗಿರಬೇಕು.

ಆಕ್ಷೇಪಗಳಿಲ್ಲದೆ ಇಲ್ಲ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಸ್ವಂತ ಖರ್ಚಿನಲ್ಲೇ ಕಾಡು ಸುತ್ತಿ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೆ ದೇಶವಿದೇಶಗಳಲ್ಲಿ ಹೆಸರಾದವರು, ಜೊತೆಗೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರು. ಧನವಾದಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಆನೆ ಬಜೆಟ್ ನೋಡಿ ಪೋಸು ಕೊಡುವ ಪ್ರಾಣಿಯಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ಹುಚ್ಚುವಾದಿಗಳು ಕುಲಗುರುವೆಂದು ಪೂಜಿಸುತ್ತಾರೆ. ಗುರುಗಳಂತೆ ಹಕ್ಕಿಯ ಮುಂದೆ ಗಂಟೆಗಟ್ಟಲೆ ಕೂರಿ ಎಂದರೆ ಮಾತ್ರ ಲೋಕಲ್‌ಗೆ ಹೊತ್ತಾಯಿತು ಎನ್ನುತ್ತಾರೆ.

ಶುದ್ಧ ಪ್ರತಿಭೆಗೆ ನಿದರ್ಶನವಾಗಿ ಪ್ರತಿಭಾವಾದಿಗಳು ಕೊನೆಗೆ ಕೋತಿಯನ್ನು ಕರೆತರುತ್ತಾರೆ. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಕಪ್ಪು ಕೋತಿಯೊಂದು ತಾನೇ ಗುಂಡಿ ಒತ್ತಿ ಹಲ್ಲು ಕಿರಿದುಕೊಂಡ ಚಿತ್ರ 2011ರಲ್ಲಿ ಲೋಕವನ್ನೆಲ್ಲ ಸುತ್ತಿತು. ಹಕ್ಕುಸ್ವಾಮ್ಯ ಕೋತಿಯದೇ ಎಂದು ಪ್ರಾಣಿದಯಾ ಸಂಘಟನೆಯೊಂದು ಅಮೆರಿಕದಲ್ಲಿ ದಾವೆ ಹೂಡಿ ಸೋತಿತು. ವಿದ್ವಾಂಸರು ಗಮನಿಸಬೇಕಾದ್ದು ಬೇರೆಯೇ ಇದೆ. ಕ್ಯಾಮೆರಾ ಬ್ರಿಟಿಷ್ ಛಾಯಾಗ್ರಾಹಕ ಡೇವಿಡ್ ಸ್ಲೇಟರ್‌ನದು. ಕೋತಿಗೂ ಬಂಡವಾಳ ಬೇರೆಯವರದೇ!

ರುದ್ರಟನೆಂಬ ಆಲಂಕಾರಿಕ ಪ್ರತಿಭೆಯನ್ನು ಸಹಜ, ಉತ್ಪಾದ್ಯ ಎಂದು ಎರಡಾಗಿ ಒಡೆದಿದ್ದಾನೆ. ಉತ್ಪಾದ್ಯ ಪ್ರತಿಭೆ ಈಗ ಫೋನಿನ ಪೆಟ್ಟಿಗೆಯಲ್ಲೇ ಸಿಗುತ್ತದೆ. ಕೈ ನಡುಗಿದರೂ ಅದು ಹಲವು ಚಿತ್ರ ತೆಗೆದು ಒಂದಾಗಿ ಬೆಸೆದು ಕೊಡುತ್ತದೆ. ಮಸುಕಾದ ಚಂದ್ರನಿಗೆ ಇಲ್ಲದ ಕಲೆಗಳನ್ನು ಬಿಡಿಸಿಕೊಟ್ಟ ಫೋನಿನ ಬಗ್ಗೆ 2023ರಲ್ಲಿ ದೊಡ್ಡ ಗದ್ದಲವೇ ಆಯಿತು. ಕಾಮೋಠೆಯ ತಾರಸಿಗಳಲ್ಲಿ ಅಂಥ ಚಂದ್ರ ಈಗಲೂ ಹುಣ್ಣಿಮೆಗೊಮ್ಮೆ ಉದಯಿಸುತ್ತಾನೆ.

ಇಷ್ಟೆಲ್ಲ ಜಿಜ್ಞಾಸೆಗೂ ಸೊಪ್ಪು ಹಾಕದೆ ದಿನಾ ಬಾಗಿಲು ತೆಗೆಯುವುದು ಪಾಸ್‌ಪೋರ್ಟ್ ಸ್ಟುಡಿಯೋ. ಗೋಡೆಯ ಮೊಳೆಯಲ್ಲಿ ಒಂದು ಕಪ್ಪು ಕೋಟು, ಗಂಟು ಹಾಕಿಯೇ ಇಟ್ಟ ಟೈ, ಹಲ್ಲು ಮುರಿದ ಬಾಚಣಿಗೆ. ನೌಕರಿಯ ಅರ್ಜಿಗೆ ಬಂದ ಹುಡುಗರೆಲ್ಲ ಅದೇ ಕೋಟಿನೊಳಗೆ ತೂರಿ 35×45 ಮಿ.ಮೀ. ಸಜ್ಜನರಾಗಿ ಹೊರಬರುತ್ತಾರೆ. ಕನ್ನಡ ಸಂಘದ ಸನ್ಮಾನಗಳಲ್ಲೂ ಫೋಟೋಗ್ರಾಫರೇ ಅಧ್ಯಕ್ಷರಿಗಿಂತ ದೊಡ್ಡವರು. "ಶಾಲು ಇನ್ನೊಮ್ಮೆ ಹೊದೆಸಿ ಸಾರ್, ಈಚೆ ನೋಡಿ" ಎಂದರೆ ಹೊದೆಸಿದ ಶಾಲು ಇಳಿದು ಮತ್ತೆ ಏರುತ್ತದೆ. ಹೊದೆಸುವವರು, ಹೊದೆಸಿಕೊಳ್ಳುವವರು ಪರಸ್ಪರ ಮುಖ ನೋಡುವುದೇ ಇಲ್ಲ. ಇಲ್ಲಿ ಪ್ರತಿಭೆ, ಹುಚ್ಚು ಎರಡರ ಗೊಡವೆಯೂ ಇಲ್ಲ. ಶಾಲಿನ ದುಡ್ಡು ಸಂಘದ್ದು.

ಹಾಗಾಗಿ ಸಿದ್ಧಾಂತ. ಫೋಟೋಹೇತುವಾದ ಧನ ಮೂರು ಬಗೆ. ಸ್ವಧನ ಘೋರ್ಪಡೆಯವರದು. ಪರಧನ ಮೂರ್ತಿಯವರದು ಮತ್ತು ಕೋತಿಯದು. ಕಂತಿನಲ್ಲಿ ಕಟ್ಟುವ ಋಣಧನ ಕಾಮೋಠೆಯದು. ಪ್ರತಿಭೆಗೂ ಹುಚ್ಚಿಗೂ ಕಂತಿನ ಸೌಲಭ್ಯ ಇನ್ನೂ ಬಂದಿಲ್ಲವಾದ್ದರಿಂದ ಧನಪಂಥಕ್ಕೆ ಜನ ಹೆಚ್ಚು, ಒಳ್ಳೆಯ ಚಿತ್ರಗಳು ಮಾತ್ರ ಮೊದಲಿದ್ದಷ್ಟೇ.

ಸಿದ್ಧಾಂತವನ್ನು ಪರೀಕ್ಷಿಸಬಯಸುವವರು ಉಬ್ಬರದ ವೇಳೆ ನೋಡಿಕೊಂಡು ನೆರೂಳಿನ ಕೆರೆಗೆ ಹೋಗಬಹುದು, ಯಾವ ಕ್ಯಾಮೆರಾ ಆದರೂ ಸರಿ. ಗುಂಪಾಗಿ ಹಾರುವ ಚಿತ್ರ ಸಿಗಲೆಂದು ಹಕ್ಕಿಗಳತ್ತ ಕಲ್ಲೆಸೆಯುವುದು, ಡ್ರೋನ್ ಬಿಡುವುದು ಮಾತ್ರ ಬೇಡ. ನೀರಿಳಿದ ಕೂಡಲೇ ಅವು ತಾವಾಗಿಯೇ ಎದ್ದು ಖಾರಿಗೆ ಹಾರುತ್ತವೆ. ಅಲ್ಲಿಯವರೆಗೆ ದಂಡೆಯ ಮೇಲೆ ಸುಮ್ಮನೆ ಕೂತಿರಿ.